ನೆರಳಿನ ಬಣ್ಣ

ಕತ್ತಲೆಯೆಂಬುದು ಒಂದು ವಸ್ತುವೇ, ಅಥವಾ ಬೆಳಕಿಲ್ಲದಿರುವಿಕೆ ಮಾತ್ರವೇ ಎಂಬ ಪ್ರಶ್ನೆ ತರ್ಕಶಾಸ್ತ್ರವನ್ನು ಓದತೊಡಗಿದ ವಿದ್ಯಾರ್ಥಿಗೆ ಮೊದಲ ದಿನಗಳಲ್ಲಿಯೇ ಎದುರಾಗುತ್ತದೆ. ಕತ್ತಲೆಗೆ ಕಪ್ಪುಬಣ್ಣವುಂಟು, ಚಲನೆಯುಂಟು. ಗುಣವೂ ಕ್ರಿಯೆಯೂ ದ್ರವ್ಯದಲ್ಲಲ್ಲದೆ ಬೇರೆಲ್ಲಿಯೂ ಇರಲಾರವು. ಆದುದರಿಂದ ಕತ್ತಲೆಯೂ ಒಂದು ದ್ರವ್ಯವೇ ಎಂದು ಭಾಟ್ಟ ಮೀಮಾಂಸಕರು ವಾದಿಸಿದರು. ನೈಯಾಯಿಕರು ಇದನ್ನೊಪ್ಪಲಿಲ್ಲ. ಪ್ರಖರವಾಗಿ ಬೆಳಗಬಲ್ಲ ತೇಜಸ್ಸಿನ ಅಭಾವವೇ ಕತ್ತಲೆ. ದೀಪ ಚಲಿಸಿದಾಗ ಕತ್ತಲೆ ಚಲಿಸಿದಂತೆ ತೋರುವುದು ಭ್ರಾಂತಿ. ಅದರ ಬಣ್ಣವೂ ಭ್ರಾಂತಿಯೇ ಎಂದು ಅವರು ಉತ್ತರವಿತ್ತರು. ಅನ್ನಂಭಟ್ಟನ ‘ತರ್ಕಸಂಗ್ರಹ’ದ ಒಂಬತ್ತು ದ್ರವ್ಯಗಳ ಪಟ್ಟಿಯಲ್ಲಿ ಹತ್ತನೆಯದಾಗಿ ತಮಸ್ಸಿಗೆ ಸ್ಥಾನ ದೊರೆಯದೆ ಹೋದದ್ದು ಈ ಕಾರಣದಿಂದ.

ಈ ವಾದದಲ್ಲಿ ನೈಯಾಯಿಕರು ಬಳಸಿದ ‘ಪ್ರಖರ’ ಎಂಬ ವಿಶೇಷಣವನ್ನು ಗಮನಿಸಬೇಕು. ಬೆಳಕು ಕಿಂಚಿತ್ತೂ ಇಲ್ಲದಿದ್ದರೆ ಮಾತ್ರ ಕತ್ತಲೆ ಎಂದು ಅವರು ಹೇಳಲಿಲ್ಲ. ನೆರಳಿನ ವಿಷಯದಲ್ಲಂತೂ ಈ ಎಚ್ಚರಿಕೆ ತೀರ ಅವಶ್ಯಕ. ನಡುಹಗಲಿನಲ್ಲಿ ಹುಣಸೆಯ ಮರದಡಿಯಲ್ಲಿ ಕುಳಿತು ಪುಸ್ತಕ ಓದಬಹುದು. ಓದಲು ಬೆಳಕು ಬೇಕಷ್ಟೆ. ಮರ ತಡೆದುದು ಸೂರ್ಯನಿಂದ ನೇರವಾಗಿ ಬರುವ ಬಿಸಿಲನ್ನು. ಸುತ್ತಲಿನ ಆಕಾಶದಿಂದಿಳಿಯುವ ಬೆಳಕನ್ನು ಅದು ಪೂರ್ತಿಯಾಗಿ ತಡೆಯಲಾರದು. ಆಗಸದ ಕೆಳಗೆ ಬಯಲಿನಲ್ಲಿರುವ ಯಾವ ವಸ್ತುವಿಗಾದರೂ ಎರಡು ದೀಪಗಳು: ಒಂದು ಸೂರ್ಯ, ಇನ್ನೊಂದು ಆಕಾಶ. ಮೊದಲನೆಯದು ಮರೆಯಾಗಿ ಎರಡನೆಯದು ಉಳಿದಿರುವ ಸ್ಥಳಕ್ಕೆ ನೆರಳೆಂದು ಹೆಸರು. ಇಷ್ಟು ಸ್ಪಷ್ಟವಾದರೆ, ಡಿಜಿಟಲ್ ಚಿತ್ರಗಳಲ್ಲಿ ಯಂತ್ರವು ನೆರಳನ್ನು ಗುರುತಿಸುವ ಬಗೆ ತಾನಾಗಿಯೇ ತಿಳಿಯುತ್ತ ಹೋಗುತ್ತದೆ.

ಯಂತ್ರಕ್ಕೆ ಈ ಕೆಲಸವೇಕೆ ಎಂದು ಕೇಳಬಹುದು. ಹೆದ್ದಾರಿಯ ಕ್ಯಾಮೆರಾ ವಾಹನಗಳನ್ನೆಣಿಸುವಾಗ ಒಂದು ಕಾರಿನ ನೆರಳು ಪಕ್ಕದ ಕಾರನ್ನು ಮುಟ್ಟಿದರೆ, ಎರಡೂ ಕೂಡಿ ಒಂದೇ ವಾಹನವೆಂದು ಲೆಕ್ಕಕ್ಕೆ ಬರುತ್ತದೆ. ಇದು ಸಣ್ಣ ತಪ್ಪು. ಹಿಮಾಲಯದ ಕಣಿವೆಯೊಂದರ ಉಪಗ್ರಹಚಿತ್ರದಲ್ಲಿ ಶಿಖರದ ನೆರಳನ್ನು ಸರೋವರವೆಂದು ಬರೆದುಕೊಂಡರೆ, ಅಥವಾ ನಿಜವಾದ ಸರೋವರವನ್ನು ನೆರಳೆಂದು ಕೈಬಿಟ್ಟರೆ, ಅದು ಸಣ್ಣ ತಪ್ಪಲ್ಲ. ಆ ವಿಚಾರ ಮುಂದೆ ಬರುತ್ತದೆ.

ಡಿಜಿಟಲ್ ಚಿತ್ರವೆಂದರೆ ಕೇವಲ ಸಂಖ್ಯೆಗಳ ಒಂದು ಜಮಖಾನೆ. ಪಿಕ್ಸೆಲ್ ಎಂದು ಕರೆಯಲ್ಪಡುವ ಚಿತ್ರಕಣಗಳು ಅದರಲ್ಲಿ ಸಾಲುಸಾಲಾಗಿ ಹೆಣೆದುಕೊಂಡಿರುತ್ತವೆ. ಒಂದೊಂದು ಕಣಕ್ಕೂ ಕೆಂಪು, ಹಸುರು, ನೀಲಿ ಎಂಬ ಮೂರು ಅಂಕಗಳು. ಸಾಮಾನ್ಯವಾಗಿ ಪ್ರತಿಯೊಂದೂ 0ಯಿಂದ 255ರವರೆಗೆ. ಈ ಮೂರರ ಮಿಶ್ರಣದಿಂದ 1,67,77,216 ಬಣ್ಣಗಳನ್ನು ಬರೆದಿಡಬಹುದು. ಬಹುಪಾಲು ಕ್ಯಾಮೆರಾಗಳಲ್ಲಿ ಬೆಳಕನ್ನು ಹಿಡಿಯುವ ಬಿಲ್ಲೆಯ ಮೇಲೆ ಮೂರು ಬಣ್ಣದ ಪುಟ್ಟ ಪುಟ್ಟ ಸೋಸುಗಾಜುಗಳನ್ನು ಚದುರಂಗದ ಮನೆಗಳಂತೆ ಜೋಡಿಸಿರುತ್ತಾರೆ. ಅರ್ಧದಷ್ಟು ಮನೆಗಳು ಹಸುರಿಗೆ, ಕಾಲುಭಾಗ ಕೆಂಪಿಗೆ, ಉಳಿದ ಕಾಲುಭಾಗ ನೀಲಿಗೆ. ಈ ಜೋಡಣೆಗೆ ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಹಕ್ಕುಪತ್ರ ಪಡೆದನು. ಮನುಷ್ಯನ ಕಣ್ಣು ಹಸುರಿಗೆ ಹೆಚ್ಚು ಸೂಕ್ಷ್ಮವಾದುದರಿಂದ ಹಸುರಿಗೆ ಹೆಚ್ಚಿನ ಪಾಲು.

ಹೀಗಿರಲು, ನೆರಳನ್ನು ಹುಡುಕುವವನಿಗೆ ಮೊಟ್ಟಮೊದಲು ಹೊಳೆಯುವ ಉಪಾಯವೆಂದರೆ ಕಪ್ಪಾದ ಕಣಗಳನ್ನೆಲ್ಲ ಆರಿಸುವುದು. ಒಂದು ಗಡಿಯನ್ನು ಗೊತ್ತುಮಾಡಿ, ಅದಕ್ಕಿಂತ ಕಡಮೆ ಕಾಂತಿಯುಳ್ಳವು ನೆರಳು, ಹೆಚ್ಚಿನ ಕಾಂತಿಯುಳ್ಳವು ಬಿಸಿಲು ಎಂದರಾಯಿತು. ಆ ಗಡಿಯನ್ನು ಚಿತ್ರದ ಅಂಕಗಳಿಂದಲೇ ಲೆಕ್ಕಹಾಕಿ ಗೊತ್ತುಮಾಡುವ ವಿಧಾನವನ್ನು ಜಪಾನಿನ ನೊಬುಯುಕಿ ಓತ್ಸು 1979ರಲ್ಲಿ ಪ್ರಕಟಿಸಿದನು; ಅದು ಇಂದಿಗೂ ಬಳಕೆಯಲ್ಲಿದೆ. ವಿಧಾನ ಸೊಗಸಾದುದೇ. ಆದರೆ ಅದು ಬೇರ್ಪಡಿಸುವುದು ಕಪ್ಪನ್ನೂ ಬಿಳುಪನ್ನೂ. ನೆರಳನ್ನೂ ಬಿಸಿಲನ್ನೂ ಅಲ್ಲ. ತರ್ಕದ ಭಾಷೆಯಲ್ಲಿ ಹೇಳುವುದಾದರೆ, ‘ಇದು ನೆರಳು, ಕಪ್ಪಾಗಿರುವುದರಿಂದ’ ಎಂಬಲ್ಲಿ ಹೇತು ವ್ಯಭಿಚಾರಿ. ಕಪ್ಪುತನವು ನೆರಳಿನಲ್ಲಿಯೂ ಇದೆ. ಬಿಸಿಲಿಗೆ ಹರವಿದ ಕರಿಯ ಕಂಬಳಿಯಲ್ಲಿಯೂ ಇದೆ. ಅಷ್ಟೇ ಅಲ್ಲ, ಸುಣ್ಣ ಬಳಿದ ಗೋಡೆಯ ನೆರಳು ಬಿಸಿಲಿನಲ್ಲಿರುವ ಕರಿಯ ಕಂಬಳಿಗಿಂತ ಹೆಚ್ಚು ಬೆಳ್ಳಗಿರುವುದೂ ಉಂಟು. ಹೇತುವಿಲ್ಲದೆಡೆಯಲ್ಲಿಯೂ ಸಾಧ್ಯವಿದೆಯೆಂದಾಯಿತು.

ಕಣ್ಣಿಗೆ ಇಂಥ ಭ್ರಮೆ ಸಾಮಾನ್ಯವಾಗಿ ಆಗುವುದಿಲ್ಲ. ಅಮೆರಿಕೆಯ ಎಡ್ವರ್ಡ್ ಏಡಲ್ಸನ್ 1995ರಲ್ಲಿ ರಚಿಸಿದ ಒಂದು ಚಿತ್ರ ಲೋಕಪ್ರಸಿದ್ಧವಾಗಿದೆ. ಚದುರಂಗದ ಹಾಸಿನ ಮೇಲೆ ಹಸುರು ಸ್ತಂಭವೊಂದು ನಿಂತಿದೆ. ಅದರ ನೆರಳು ಹಾಸಿನ ಮೇಲೆ ಬಿದ್ದಿದೆ. ನೆರಳಿನೊಳಗಿನ ಒಂದು ಬಿಳಿಯ ಮನೆ, ನೆರಳಿನಾಚೆಯ ಒಂದು ಕರಿಯ ಮನೆ: ಎರಡಕ್ಕೂ ಕಾಗದದ ಮೇಲೆ ಇರುವುದು ಒಂದೇ ಬೂದುಬಣ್ಣ. ಆದರೆ ನೋಡುವವನು ಎಷ್ಟು ತಿಳಿಹೇಳಿದರೂ ಒಂದನ್ನು ಬಿಳುಪೆಂದೂ ಇನ್ನೊಂದನ್ನು ಕಪ್ಪೆಂದೂ ಕಾಣುತ್ತಾನೆ. ಇದನ್ನು ಕಣ್ಣಿನ ಮೋಸವೆಂದು ಜನ ನಗುತ್ತಾರೆ. ಮೋಸವಲ್ಲ, ಅದು ಕಣ್ಣಿನ ವಿವೇಕ. ನೆರಳಿನ ಪಾಲನ್ನು ಕಳೆದು ವಸ್ತುವಿನ ಸ್ವಂತ ಬಣ್ಣವನ್ನು ಕಾಣುವ ಅನುಮಾನವನ್ನು ಕಣ್ಣು ಅರಿವಿಲ್ಲದೆಯೇ ಮಾಡಿ ಮುಗಿಸಿರುತ್ತದೆ. ಯಂತ್ರದ ಮುಂದೆ ಮಾತ್ರ ಎರಡು ಸಮಾನ ಅಂಕಗಳಿರುತ್ತವೆ. ಅದಕ್ಕೆ ಈ ಅನುಮಾನವನ್ನು ಮೊದಲಿನಿಂದ ಕಲಿಸಬೇಕಾಗುತ್ತದೆ.

ಇಲ್ಲಿ ಬಣ್ಣವು ಸಾಕ್ಷಿಯಾಗಿ ಬರುತ್ತದೆ. ನೆರಳು ವಸ್ತುವಿನ ಮೇಲೆ ಬೀಳುವ ಬೆಳಕನ್ನು ಕಡಮೆ ಮಾಡುತ್ತದೆಯೇ ಹೊರತು ವಸ್ತುವನ್ನು ಬದಲಿಸುವುದಿಲ್ಲ. ಕೆಂಪುಗಾರೆಯ ನೆಲ ನೆರಳಿನಲ್ಲಿಯೂ ಕೆಂಪೇ. ಆದಕಾರಣ ಮೂರು ಅಂಕಗಳೂ ತಗ್ಗಿದರೂ ಅವುಗಳ ಪರಸ್ಪರ ಪ್ರಮಾಣ ತಗ್ಗಬೇಕಾಗಿಲ್ಲ. ಬಿಸಿಲಿನಲ್ಲಿ ನೆಲದ ಅಂಕಗಳು 160, 80, 60 ಎಂದಿಟ್ಟುಕೊಂಡರೆ, ಬೆಳಕು ಕಾಲುಭಾಗಕ್ಕಿಳಿದಾಗ ಅವು 40, 20, 15 ಆಗುತ್ತವೆ. ಮೂರನ್ನೂ ಕೂಡಿಸಿ ಆ ಮೊತ್ತದಿಂದ ಒಂದೊಂದನ್ನೂ ಭಾಗಿಸಿದರೆ ಎರಡು ಕಡೆಯೂ ಕೆಂಪಿನ ಪಾಲು ನೂರಕ್ಕೆ 53. ಕಾಂತಿ ಇಳಿದಿದೆ, ವರ್ಣ ನಿಂತಿದೆ. ಅದೇ ನೆಲದ ಮೇಲೆ ಕರಿಯ ಕಂಬಳಿಯನ್ನು ಹಾಸಿದ್ದರೆ ಕಾಂತಿಯೊಂದಿಗೆ ವರ್ಣವೂ ಬದಲಾಗುತ್ತಿತ್ತು. ಕಾಂತಿ ತಗ್ಗಿ ವರ್ಣ ತಗ್ಗದಿರುವುದೇ ನೆರಳಿನ ಲಕ್ಷಣ ಎಂಬ ಈ ಮೊದಲನೆಯ ಸೂತ್ರದ ಮೇಲೆ ಎಷ್ಟೋ ವಿಧಾನಗಳು ನಿಂತಿವೆ.

ಅವುಗಳಲ್ಲಿ ಹೆಸರಾದುದು ಇಟಲಿಯ ಮೊಡೆನಾದಲ್ಲಿ ರೀಟಾ ಕುಕ್ಯಾರಾ ಮತ್ತು ಅವರ ಸಂಗಡಿಗರು ಬೆಳೆಸಿ 2003ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ ವಿಧಾನ. ಅಲ್ಲಿ ಕೆಂಪು, ಹಸುರು, ನೀಲಿ ಅಂಕಗಳನ್ನು ವರ್ಣ, ಗಾಢತೆ, ಕಾಂತಿ ಎಂಬ ಬೇರೆ ಮೂರು ಅಂಕಗಳಿಗೆ ಮಾರ್ಪಡಿಸುತ್ತಾರೆ. ನಿಂತಲ್ಲೇ ನಿಂತ ಕ್ಯಾಮೆರಾಕ್ಕೆ ಬರಿದಾದ ರಸ್ತೆ ಹೇಗೆ ಕಾಣುತ್ತದೆಂಬುದು ಮೊದಲೇ ಗೊತ್ತಿರುತ್ತದೆ. ಹೊಸದಾಗಿ ಬಂದ ಚಿತ್ರದ ಪ್ರತಿಯೊಂದು ಕಣವನ್ನೂ ಆ ಬರಿಯ ರಸ್ತೆಯ ಅದೇ ಕಣದೊಂದಿಗೆ ಹೋಲಿಸಿದಾಗ, ಕಾಂತಿ ಒಂದು ಮಿತಿಯೊಳಗೆ ತಗ್ಗಿದ್ದು ವರ್ಣ ಹೆಚ್ಚು ಬದಲಾಗದಿದ್ದರೆ, ಗಾಢತೆಯೂ ಏರದಿದ್ದರೆ, ಅದು ನೆರಳು, ಇಲ್ಲವಾದರೆ ವಾಹನ. ಕಾಂತಿಗೆ ಮೇಲಿನ ಮಿತಿಯಂತೆ ಕೆಳಗಿನ ಮಿತಿಯೂ ಉಂಟು. ಏಕೆಂದರೆ ನೆರಳು ಎಷ್ಟು ದಟ್ಟವಾದರೂ ಆಕಾಶದ ದೀಪ ಉಳಿದೇ ಇರುತ್ತದೆ; ಅದಕ್ಕಿಂತ ಕಪ್ಪಾದುದು ಬೇರೇನೋ ಆಗಿರಬೇಕು.

ಈ ವಿಧಾನಕ್ಕೆ ಒಂದು ವಿಲಕ್ಷಣ ಕಷ್ಟವಿದೆ. ಮೂರು ಅಂಕಗಳೂ ಸಮಾನವಾಗಿರುವ ಬೂದುಬಣ್ಣಕ್ಕೆ ವರ್ಣವೆಂಬುದೇ ಇಲ್ಲ. 50, 50, 51 ಎಂದರೆ ನೀಲಿ. 51, 50, 50 ಎಂದರೆ ಕೆಂಪು. ಒಂದೇ ಅಂಕದ ಅಲುಗಾಟದಲ್ಲಿ ವರ್ಣ ಈ ತುದಿಯಿಂದ ಆ ತುದಿಗೆ ಹಾರುತ್ತದೆ. ಡಾಂಬರು ರಸ್ತೆಯಾದರೋ ಬೂದುಬಣ್ಣದ್ದೇ. ವಿಧಾನವನ್ನು ಹೆಚ್ಚಾಗಿ ಬಳಸುವ ಸ್ಥಳದಲ್ಲಿಯೇ ಅದರ ಆಧಾರ ಸಡಿಲವಾಗಿದೆಯೆಂಬುದು ವಿನೋದವೂ ಹೌದು, ಎಚ್ಚರಿಕೆಯೂ ಹೌದು.

ಆದರೆ ಇದಕ್ಕಿಂತ ಆಳವಾದ ದೋಷವೊಂದಿದೆ. ಬೆಂಕಿಯಿರುವಲ್ಲೆಲ್ಲ ಹೊಗೆಯಿರುತ್ತದೆಂಬ ವ್ಯಾಪ್ತಿ ಏಕೆ ನಿಲ್ಲದೆಂಬುದನ್ನು ತರ್ಕದ ವಿದ್ಯಾರ್ಥಿಗಳು ಬಲ್ಲರು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆಯ ಸಂಬಂಧ ಬೇಕು. ಅದೇ ಅಲ್ಲಿಯ ಉಪಾಧಿ. ನೆರಳಿನಲ್ಲಿ ವರ್ಣ ಬದಲಾಗದೆಂಬ ಸೂತ್ರಕ್ಕೂ ಹೀಗೆಯೇ ಒಂದು ಉಪಾಧಿ ಅಂಟಿಕೊಂಡಿದೆ. ಉಳಿದ ಬೆಳಕೂ ತಡೆಯಲ್ಪಟ್ಟ ಬೆಳಕೂ ಒಂದೇ ಬಣ್ಣದವಾಗಿದ್ದರೆ ಮಾತ್ರ ಸೂತ್ರ ನಿಲ್ಲುತ್ತದೆ. ಸೂರ್ಯನ ಬೆಳಕಿನ ಬಣ್ಣವೂ ಆಕಾಶದ ಬೆಳಕಿನ ಬಣ್ಣವೂ ಒಂದೇ ಅಲ್ಲವಲ್ಲ!

ಆಕಾಶ ನೀಲಿಯಾಗಿರುವುದಕ್ಕೆ ಕಾರಣವನ್ನು ಇಂಗ್ಲೆಂಡಿನ ಜಾನ್ ವಿಲಿಯಂ ಸ್ಟ್ರಟ್, ಮುಂದೆ ಲಾರ್ಡ್ ರೇಲೀ ಎನಿಸಿದವನು, 1871ರಲ್ಲಿ ಗಣಿತದಿಂದ ನಿರೂಪಿಸಿದನು. ವಾಯುವಿನ ಅತಿಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವಾಗ ಕಿರಿಯ ಅಲೆಗಳನ್ನು ಹೆಚ್ಚಾಗಿಯೂ ಹಿರಿಯ ಅಲೆಗಳನ್ನು ಕಡಮೆಯಾಗಿಯೂ ಚದುರಿಸುತ್ತವೆ. ಅಲೆಯುದ್ದ ಇಮ್ಮಡಿಯಾದರೆ ಚದುರುವಿಕೆ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 450 ನ್ಯಾನೋಮೀಟರಿನ ನೀಲಿಬೆಳಕು 650 ನ್ಯಾನೋಮೀಟರಿನ ಕೆಂಪುಬೆಳಕಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಚದುರುತ್ತದೆ. ಹೀಗೆ ಚದುರಿದ ಬೆಳಕೇ ನೆರಳಿಗೆ ದೀಪ. ಅಂದಮೇಲೆ ತಿಳಿಯಾದ ಆಕಾಶದಡಿಯಲ್ಲಿ ನೆರಳು ನೀಲಿಯ ಕಡೆಗೆ ವಾಲಲೇಬೇಕು.

ವಿಜ್ಞಾನಿಗಳಿಗಿಂತ ಮೊದಲು ಇದನ್ನು ಕಂಡವರು ಚಿತ್ರಕಾರರು. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಲ್ಲಿ ಬಿಳಿಯ ವಸ್ತುಗಳ ನೀಲಿ ನೆರಳಿನ ಪ್ರಸ್ತಾಪವಿದೆ. ಜರ್ಮನಿಯ ಕವಿ ಗಯಟೆ 1810ರಲ್ಲಿ ಪ್ರಕಟಿಸಿದ ವರ್ಣಗ್ರಂಥದಲ್ಲಿ, ಚಳಿಗಾಲದ ಸಂಜೆ ಬೆಟ್ಟವಿಳಿಯುವಾಗ ಹಿಮದ ಮೇಲಿನ ನೆರಳುಗಳು ನೇರಳೆಯಾಗಿ ಕಂಡುದನ್ನು ವರ್ಣಿಸಿ, ಅದನ್ನು ಕಣ್ಣಿನ ವ್ಯಾಪಾರವೆಂದು ವಿವರಿಸಲೆತ್ನಿಸಿದ್ದಾನೆ. ಫ್ರಾನ್ಸಿನ ಮೋನೆ 1890 ಮತ್ತು 1891ರಲ್ಲಿ ಚಿತ್ರಿಸಿದ ಹುಲ್ಲಿನ ಬಣವೆಗಳ ನೆರಳು ಹಿಮದ ಮೇಲೆ ನಿಚ್ಚಳವಾಗಿ ನೀಲಿ. ಕಣ್ಣಿನ ಪಾಲು ಸ್ವಲ್ಪವುಂಟು, ನಿಜ. ಆದರೆ ಕಣ್ಣಿಲ್ಲದ ಕ್ಯಾಮೆರಾ ಕೂಡ ನೀಲಿಯ ಅಂಕವನ್ನೇ ಹೆಚ್ಚಾಗಿ ಬರೆಯುವುದರಿಂದ ಉಳಿದ ಪಾಲು ಬೆಳಕಿನದೇ ಎಂದು ಸಿದ್ಧವಾಗುತ್ತದೆ. (ಮೀಮಾಂಸಕರು ಕತ್ತಲೆಗೆ ಹೇಳಿದ ‘ನೀಲರೂಪ’ ಇದೇ ಎಂದು ಯಾರಾದರೂ ಸಂತೋಷಪಟ್ಟಾರು. ಸಂಸ್ಕೃತದ ‘ನೀಲ’ ಕಪ್ಪನ್ನೂ ಒಳಗೊಂಡ ಶಬ್ದ. ಅಲ್ಲಿ ವಿವಕ್ಷಿತವಾದುದು ಕಪ್ಪೇ. ಇಲ್ಲದ ಹೊಂದಾಣಿಕೆಯನ್ನು ಹುಡುಕುವುದು ಶಾಸ್ತ್ರಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ.)

ವಿದ್ಯಾರ್ಥಿಗಳು ಇದನ್ನು ಶಾಲೆಯ ಅಂಗಳದಲ್ಲಿಯೇ ಪರೀಕ್ಷಿಸಬಹುದು. ಮೋಡವಿಲ್ಲದ ದಿನ ಮುಂಜಾನೆಯ ಬಿಸಿಲಿನಲ್ಲಿ, ಮರಗೋಡೆಗಳಿಂದ ದೂರದ ಬಯಲಿನಲ್ಲಿ, ಬಿಳಿಯ ಹಾಳೆಯೊಂದನ್ನು ಹಾಸಿ ಅರ್ಧಕ್ಕೆ ಮಾತ್ರ ನೆರಳು ಬೀಳುವಂತೆ ರಟ್ಟನ್ನು ಹಿಡಿಯಬೇಕು. ಮೊಬೈಲಿನ ಕ್ಯಾಮೆರಾದಲ್ಲಿ ಬಣ್ಣದ ಹೊಂದಾಣಿಕೆಯನ್ನು ‘ಬಿಸಿಲು’ ಎಂಬುದಕ್ಕೆ ನಿಲ್ಲಿಸಿ ಚಿತ್ರ ತೆಗೆದು, ಎರಡೂ ಅರ್ಧಗಳ ಅಂಕಗಳನ್ನು ಹೋಲಿಸಿದರೆ ನೆರಳಿನ ನೀಲಿ ಕಾಣುತ್ತದೆ. ಅದೇ ಹಾಳೆಯನ್ನು ಕೆಮ್ಮಣ್ಣಿನ ಗೋಡೆಯ ಪಕ್ಕಕ್ಕೆ ಒಯ್ದರೆ ನೆರಳಿಗೆ ಕೆಂಪಿನ ಛಾಯೆ ಬರುತ್ತದೆ. ಬಾಳೆಯ ತೋಟದೊಳಗೆ ಹಸುರು ಬರುತ್ತದೆ. ಉಳಿದ ದೀಪ ಯಾವುದೋ ನೆರಳಿನ ಬಣ್ಣ ಅದರದು.

ಈಗ ಮೊದಲಿನ ಲೆಕ್ಕವನ್ನು ತಿದ್ದಬೇಕು. ನೆರಳಿನಲ್ಲಿ ಕೆಂಪು ಐದರಲ್ಲೊಂದು ಪಾಲಿಗೆ, ಹಸುರು ಕಾಲುಪಾಲಿಗೆ, ನೀಲಿ ಹತ್ತರಲ್ಲಿ ಮೂರು ಪಾಲಿಗೆ ಇಳಿಯಿತೆನ್ನೋಣ. ಕೆಂಪುಗಾರೆಯ ನೆಲದ 160, 80, 60 ಎಂಬುದು 32, 20, 18 ಆಗುತ್ತದೆ. ಕೆಂಪಿನ ಪಾಲು ನೂರಕ್ಕೆ 53ರಿಂದ 46ಕ್ಕೆ ಇಳಿದಿದೆ. ನೀಲಿಯ ಪಾಲು 20ರಿಂದ 26ರ ಹತ್ತಿರಕ್ಕೆ ಏರಿದೆ. ವರ್ಣ ಬದಲಾಗದೆಂದು ನಂಬಿದ ಯಂತ್ರ ಇದನ್ನು ನೆರಳಲ್ಲವೆಂದು ತಳ್ಳಿಹಾಕುವ ಸಂಭವವಿದೆ. ಇನ್ನೊಂದು ಕಡೆ, ಅದೇ ನೆಲದ ಮೇಲೆ ಬಿಸಿಲಿನಲ್ಲಿ ಹಾಸಿದ ಕಂಬಳಿಯ ಅಂಕಗಳು 24, 20, 18 ಎಂದಿರಲಿ. ನೆಲಕ್ಕೂ ಕಂಬಳಿಗೂ ಇರುವ ಅನುಪಾತ ಕೆಂಪಿನಲ್ಲಿ 0.15, ಹಸುರಿನಲ್ಲಿ 0.25, ನೀಲಿಯಲ್ಲಿ 0.30. ನೆರಳಿನ ಅನುಪಾತ 0.20, 0.25, 0.30. ಎರಡೂ ನೀಲಿಯ ಕಡೆಗೇ ವಾಲಿವೆ, ಹೆಚ್ಚುಕಡಮೆ ಒಂದೇ. ಬೆಳಕು ತಗ್ಗಿ ನೀಲಿಗೆ ವಾಲಿದರೆ ನೆರಳೆಂಬ ತಿದ್ದಿದ ಸೂತ್ರವೂ ಇಲ್ಲಿ ಕಂಬಳಿಯನ್ನು ನೆರಳೆಂದೇ ಹೇಳುತ್ತದೆ.

ಹಾಗಾದರೆ ದಾರಿಯೇನು? ನೆಲದಿಂದ ಗೋಡೆಯ ಕಡೆಗೆ ನೋಡಬೇಕು. ಕಂಬದ ನೆರಳು ನೆಲದ ಮೇಲೆ ಬಿದ್ದು ಸುಣ್ಣದ ಗೋಡೆಯ ಬುಡವನ್ನೂ ಏರಿದೆಯೆನ್ನೋಣ. ಗೋಡೆಯ ಬಿಸಿಲಿನ ಅಂಕಗಳು 200, 200, 180. ನೆರಳಿನವು 40, 50, 54. ಭಾಗಿಸಿ ನೋಡಿದರೆ ಮತ್ತೆ ಅದೇ 0.20, 0.25, 0.30. ಅದೇ ಕಂಬಳಿಯನ್ನು ಗೋಡೆಯ ಮೇಲೆ ಇಳಿಬಿಟ್ಟರೆ ಅನುಪಾತ 0.12, 0.10, 0.10, ಈಗ ಅದು ನೀಲಿಗಲ್ಲ, ಕೆಂಪಿಗೆ ವಾಲಿದೆ. ನೆರಳಿಗೆ ಪಕ್ಷಪಾತವಿಲ್ಲ. ಅದು ಕೆಂಪು ನೆಲದ ಮೇಲೆ ಬೀಳಲಿ, ಬಿಳಿಯ ಗೋಡೆಯ ಮೇಲೆ ಬೀಳಲಿ, ತುಳಸಿಕಟ್ಟೆಯ ಮೇಲೆ ಬೀಳಲಿ, ಎಲ್ಲದರಿಂದಲೂ ಒಂದೇ ಪ್ರಮಾಣದಲ್ಲಿ ಸುಂಕ ವಸೂಲು ಮಾಡುತ್ತದೆ. ವಸ್ತುವಾದರೋ ತನ್ನ ಬಣ್ಣವನ್ನು ತಾನು ಬಿಡದು. ಆದುದರಿಂದ ಹಿನ್ನೆಲೆ ಬದಲಾದಂತೆ ಅನುಪಾತ ಬದಲಾಗುತ್ತದೆ. ನೆರಳನ್ನು ಒಂದು ಕಣದಲ್ಲಿ ಹುಡುಕಬಾರದು. ಒಂದೇ ಅಂಚು ಹಲವು ಬಣ್ಣಗಳನ್ನು ದಾಟುವೆಡೆಯಲ್ಲಿ ಹುಡುಕಬೇಕು. ಬಣ್ಣದ ಆಧಾರದಿಂದ ನೆರಳನ್ನು ಕಂಡುಹಿಡಿಯುವ ವಿದ್ಯೆಯಲ್ಲಿ ತಿರುಳೆನ್ನಬಹುದಾದುದು ಇದು.

ಈ ತಿರುಳನ್ನು ಗಣಿತದ ಒಂದು ಚೆಲುವಾದ ರೂಪಕ್ಕೆ ತಂದವರು ಗ್ರಹಮ್ ಫಿನ್ಲೇಸನ್, ಮಾರ್ಕ್ ಡ್ರೂ ಮತ್ತು ಸ್ಟೀವನ್ ಹಾರ್ಡ್ಲಿ. ಇವರ ಮುಖ್ಯ ಪ್ರಬಂಧ 2006ರಲ್ಲಿ ಹೊರಬಂದಿತು. ನೆರಳು ಮಾಡುವುದು ಗುಣಾಕಾರ. ಗುಣಾಕಾರವನ್ನು ಸಂಕಲನವಾಗಿಸುವ ಲಾಗರಿದಮ್ ಎಲ್ಲರಿಗೂ ಪರಿಚಿತ. ಪ್ರತಿಯೊಂದು ಕಣದಲ್ಲಿಯೂ ಕೆಂಪನ್ನು ಹಸುರಿನಿಂದ, ನೀಲಿಯನ್ನು ಹಸುರಿನಿಂದ ಭಾಗಿಸಿ, ಬಂದ ಎರಡು ಲಬ್ಧಗಳ ಲಾಗರಿದಮ್ ತೆಗೆದು ನಕ್ಷೆಯ ಮೇಲೆ ಚುಕ್ಕೆಯಿಡಬೇಕು. ಒಂದೇ ವಸ್ತುವು ಬಿಸಿಲಿನಿಂದ ನೆರಳಿಗೆ ಸರಿದಾಗ ಅದರ ಚುಕ್ಕೆ ನಕ್ಷೆಯಲ್ಲಿ ಒಂದು ಸರಳರೇಖೆಯ ಗುಂಟ ಜಾರುತ್ತದೆ. ಬೇರೆ ಬಣ್ಣದ ವಸ್ತುವಿಗೆ ಬೇರೆ ರೇಖೆ. ಆದರೆ ಎಲ್ಲ ರೇಖೆಗಳೂ ಒಂದೇ ದಿಕ್ಕಿಗೆ, ನೇಗಿಲಿನ ಸಾಲುಗಳಂತೆ, ಸಮಾನಾಂತರ. ಆ ಸಾಲುಗಳಿಗೆ ಅಡ್ಡಲಾಗಿ ನಿಂತು ಯಾವ ಚುಕ್ಕೆ ಎಷ್ಟನೆಯ ಸಾಲಿನದೆಂದು ಮಾತ್ರ ಬರೆದುಕೊಂಡರೆ, ಬಿಸಿಲು ನೆರಳುಗಳ ಭೇದವಿಲ್ಲದ ಬೂದುಬಣ್ಣದ ಒಂದು ಚಿತ್ರ ದೊರೆಯುತ್ತದೆ. ಮೂಲಚಿತ್ರದಲ್ಲಿದ್ದು ಈ ಚಿತ್ರದಲ್ಲಿಲ್ಲದ ಅಂಚುಗಳೇ ನೆರಳಿನ ಅಂಚುಗಳು. ಸಾಲುಗಳ ದಿಕ್ಕನ್ನು ಕ್ಯಾಮೆರಾಕ್ಕೆ ಒಮ್ಮೆ ಅಳೆದಿಡಬಹುದು. ಅಳೆಯದೆ ಚಿತ್ರದಿಂದಲೇ ಊಹಿಸುವ ಉಪಾಯವನ್ನೂ ಅದೇ ವಿದ್ವಾಂಸರು ತೋರಿಸಿದ್ದಾರೆ.

ಬಳಸುವಾಗ ಎದುರಾಗುವ ತೊಡಕುಗಳು ಹಲವು. ಕ್ಯಾಮೆರಾ ಕೊಡುವ ಅಂಕ ಬೆಳಕಿನ ಪ್ರಮಾಣವಲ್ಲ. ಕಣ್ಣಿಗೆ ಹಿತವಾಗಲೆಂದು ಕಪ್ಪಿನ ಕಡೆಯ ಅಂಕಗಳನ್ನು ಹಿಗ್ಗಿಸಿ ಬರೆದಿರುತ್ತಾರೆ. ಆ ಹಿಗ್ಗಿಸುವಿಕೆಯನ್ನು ಬಿಡಿಸದೆ ಭಾಗಾಕಾರ ಮಾಡಿದರೆ ಬರುವ ಅನುಪಾತ ನಿಜವಾದುದಲ್ಲ. ದಟ್ಟ ನೆರಳಿನಲ್ಲಿ ಅಂಕಗಳೇ ಸಣ್ಣವಾದುದರಿಂದ ಒಂದೆರಡರ ಅಲುಗಾಟವೂ ದೊಡ್ಡ ದೋಷವಾಗುತ್ತದೆ. ನೆರಳಿನ ಅಂಚು ಕತ್ತರಿಸಿದಂತಿರುವುದೂ ಇಲ್ಲ. ಸೂರ್ಯಬಿಂಬ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಿರುವುದರಿಂದ, ತಡೆಯುವ ವಸ್ತು ಒಂದು ಮೀಟರ್ ದೂರವಿದ್ದರೆ ಅರೆನೆರಳಿನ ಪಟ್ಟಿ ಸುಮಾರು 9 ಮಿಲಿಮೀಟರ್, ಹತ್ತು ಮೀಟರ್ ದೂರವಿದ್ದರೆ 9 ಸೆಂಟಿಮೀಟರ್. ತೆಂಗಿನ ಬುಡದ ನೆರಳು ಖಚಿತವಾಗಿಯೂ ಗರಿಗಳ ನೆರಳು ಮಸುಕಾಗಿಯೂ ಕಾಣುವುದು ಇದರಿಂದಲೇ. ಬೀಳುವ ನೆರಳಿನ ಮಾತಾಯಿತು. ವಸ್ತುವಿನ ಬಿಸಿಲು ಕಾಣದ ಮಗ್ಗುಲಿನ ಮೈನೆರಳು ಬೇರೆಯೇ ಒಂದು ಪ್ರಕರಣ. ಅಲ್ಲಿ ದುಂಡಗಿನ ಮೈಯ ಮೇಲೆ ಬೆಳಕು ಮೆಲ್ಲಮೆಲ್ಲನೆ ಇಳಿಯುವುದರಿಂದ ಅಂಚೇ ಸಿಗದಿರಬಹುದು.

ಇತ್ತೀಚಿನ ವರ್ಷಗಳಲ್ಲಿ, ನೆರಳನ್ನು ಕೈಯಿಂದ ಗುರುತಿಸಿಟ್ಟ ಸಾವಿರಾರು ಚಿತ್ರಗಳನ್ನು ಯಂತ್ರಕ್ಕೆ ತೋರಿಸಿ ಕಲಿಸುವ ಪದ್ಧತಿ ಬಂದಿದೆ. ಅಮೆರಿಕೆಯ ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದವರು 2016ರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ ಇಂಥ ಚಿತ್ರಗಳ ಸಂಗ್ರಹವನ್ನು ಹೊರತಂದರು. ಹೀಗೆ ಕಲಿತ ಯಂತ್ರಗಳು ಬಣ್ಣದೊಂದಿಗೆ ಆಕಾರವನ್ನೂ ಸುತ್ತಲಿನ ಸಂದರ್ಭವನ್ನೂ ಗ್ರಹಿಸುವುದರಿಂದ ದಿನಬಳಕೆಯ ಚಿತ್ರಗಳಲ್ಲಿ ಹಳೆಯ ಸೂತ್ರಗಳನ್ನು ಹಿಂದಿಕ್ಕಿವೆ. ಆದರೆ ಕಲಿತ ಪಾಠದಲ್ಲಿಲ್ಲದ ದೃಶ್ಯ ಬಂದಾಗ ಕರಿಯ ವಸ್ತುವನ್ನು ನೆರಳೆನ್ನುವ ಹಳೆಯ ತಪ್ಪು ಅವುಗಳಿಗೂ ತಪ್ಪಿಲ್ಲ. ಏಕೆ ಹಾಗೆ ನಿರ್ಣಯಿಸಿತೆಂದು ಕೇಳಿದರೆ ಉತ್ತರವೂ ಸುಲಭವಾಗಿ ದೊರೆಯದು. ಬಾಯಿಪಾಠ ಮಾಡಿದ ಶಿಷ್ಯನಿಗೂ ವ್ಯಾಪ್ತಿಯನ್ನು ತಿಳಿದ ಶಿಷ್ಯನಿಗೂ ಇರುವ ವ್ಯತ್ಯಾಸವೇ ಇದು.

ಬಣ್ಣದ ಸಾಕ್ಷಿ ಎಲ್ಲಿಯೂ ಸಲ್ಲುವುದೆಂದು ಹೇಳಲಾಗದು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ಇಳಿದ ಸ್ಥಳ ಚಂದ್ರನ ದಕ್ಷಿಣದ 69 ಡಿಗ್ರಿ ಅಕ್ಷಾಂಶದ ಸುಮಾರಿನಲ್ಲಿದೆ. ಅಲ್ಲಿ ಸೂರ್ಯ ನಡುಹಗಲಿನಲ್ಲಿಯೂ 22 ಡಿಗ್ರಿಯ ಆಸುಪಾಸಿಗೇ ನಿಲ್ಲುತ್ತಾನೆ. ಸಣ್ಣ ಕಲ್ಲಿಗೂ ಉದ್ದನೆಯ ನೆರಳು. ಚಂದ್ರನಿಗೆ ವಾಯುಮಂಡಲವಿಲ್ಲದುದರಿಂದ ನೀಲಿಯ ಎರಡನೆಯ ದೀಪವೂ ಇಲ್ಲ. ಸುತ್ತಲಿನ ನೆಲದಿಂದ ಚಿಮ್ಮಿದ ಬೂದು ಬೆಳಕಷ್ಟೇ ನೆರಳಿಗೆ ಗತಿ. ಅಲ್ಲಿ ಕಾಂತಿಯನ್ನೂ ಆಕಾರವನ್ನೂ ಸೂರ್ಯನ ದಿಕ್ಕನ್ನೂ ನೆಚ್ಚಬೇಕಾಗುತ್ತದೆ.

ಇನ್ನು ಹಿಮಾಲಯದ ಮಾತು. ಹಿಮನದಿಗಳು ಕರಗಿ ಹಿಂದೆ ಸರಿದಂತೆ ಅವುಗಳ ಮೂತಿಯಲ್ಲಿ ಕಲ್ಲುಮಣ್ಣಿನ ದಿಬ್ಬಗಳು ಒಡ್ಡಾಗಿ ನಿಂತು ಸರೋವರಗಳು ಬೆಳೆಯುತ್ತಿವೆ. ಇಂಥ ಒಡ್ಡು ಒಡೆದರೆ ಕೆಳಗಿನ ಕಣಿವೆಗೆ ಜಲಪ್ರಳಯ. 2023ರ ಅಕ್ಟೋಬರ್ 3 ಮತ್ತು 4ರ ನಡುವಿನ ರಾತ್ರಿ ಸಿಕ್ಕಿಮಿನ ದಕ್ಷಿಣ ಲೊನಾಕ್ ಸರೋವರದ ನೀರು ಹೀಗೆ ನುಗ್ಗಿ, ತೀಸ್ತಾ ನದಿಯ ಚುಂಗ್‌ಥಾಂಗಿನ ಅಣೆಕಟ್ಟನ್ನು ಕೊಚ್ಚಿಕೊಂಡು ಹೋಯಿತು. ಅನೇಕ ಜನ ಪ್ರಾಣ ಕಳೆದುಕೊಂಡರು. ಸರೋವರದ 100 ಹೆಕ್ಟೇರಿಗೂ ಮಿಕ್ಕಿದ ಭಾಗ ಬರಿದಾಗಿದ್ದುದು ಉಪಗ್ರಹಚಿತ್ರಗಳಲ್ಲಿ ಕಂಡುಬಂದಿತು. ಮನುಷ್ಯ ಕಾಲಿಡಲಾರದ ಎತ್ತರಗಳಲ್ಲಿ ಇಂಥ ಸರೋವರಗಳನ್ನು ಎಣಿಸಿ ಅಳೆದಿಡುವುದಕ್ಕೆ ಉಪಗ್ರಹಗಳೇ ಆಸರೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ರಿಸೋರ್ಸ್‌ಸ್ಯಾಟ್-2 ಉಪಗ್ರಹದ ಚಿತ್ರಗಳಿಂದ ಹಿಮಸರೋವರಗಳ ನಕ್ಷಾಸಂಪುಟಗಳನ್ನು ಸಿದ್ಧಪಡಿಸಿದೆ.

ಈ ಉಪಗ್ರಹ ಬೆಳಗಿನ ಹತ್ತೂವರೆಯ ಸುಮಾರಿಗೆ ಹಾದುಹೋಗುತ್ತದೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಸಿಕ್ಕಿಮಿನಲ್ಲಿ ಸೂರ್ಯ ಸುಮಾರು 34 ಡಿಗ್ರಿ ಎತ್ತರದಲ್ಲಿರುತ್ತಾನೆ. ಸಾವಿರ ಮೀಟರ್ ಎತ್ತರದ ಕೋಡಿನ ನೆರಳು ಸಮನೆಲದಲ್ಲಾದರೆ ಒಂದೂವರೆ ಕಿಲೋಮೀಟರ್ ಚಾಚುತ್ತದೆ. ಕರ್ನಾಟಕದ ಬಯಲುಸೀಮೆಯ ಕೆರೆಗಳನ್ನೆಣಿಸುವವರಿಗೆ ಈ ತೊಂದರೆ ಹೆಚ್ಚಾಗಿ ಇಲ್ಲ. ಹಿಮಾಲಯದಲ್ಲಿ ಅದು ನಿತ್ಯದ್ದು. ನೀರನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವುದು ಹಸುರು ಬೆಳಕನ್ನೂ ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಬೆಳಕನ್ನೂ. 1996ರಲ್ಲಿ ಮೆಕ್‌ಫೀಟರ್ಸ್ ಎಂಬವನು ಸೂಚಿಸಿದ ಸೂತ್ರದಂತೆ, ಹಸುರಿನಿಂದ ಅವಕೆಂಪನ್ನು ಕಳೆದು ಎರಡರ ಮೊತ್ತದಿಂದ ಭಾಗಿಸಿದಾಗ ಧನಸಂಖ್ಯೆ ಬಂದರೆ ನೀರು, ಋಣಸಂಖ್ಯೆ ಬಂದರೆ ನೆಲ. ನೀರು ಅವಕೆಂಪನ್ನು ಹೀರಿಬಿಡುವುದೇ ಇದಕ್ಕೆ ಕಾರಣ.

ಬಿಸಿಲಿನಲ್ಲಿರುವ ಬಂಡೆಯ ಹಸುರು 80, ಅವಕೆಂಪು 100 ಎಂದಿರಲಿ. ಸೂತ್ರದ ಬೆಲೆ ಋಣ 0.11, ನೆಲವೆಂಬ ನಿರ್ಣಯ ಸರಿ. ಈಗ ಶಿಖರದ ನೆರಳು ಬಂದಿತು. ಆಕಾಶದ ದೀಪದಲ್ಲಿ ಅವಕೆಂಪು ಬಹಳ ಕಡಮೆ. 820 ನ್ಯಾನೋಮೀಟರಿನ ಅಲೆ 450ರ ನೀಲಿಯ ಹನ್ನೊಂದರಲ್ಲಿ ಒಂದು ಪಾಲಿನಷ್ಟು ಮಾತ್ರ ಚದುರುತ್ತದೆ. ಹಸುರು ಐದರಲ್ಲೊಂದಕ್ಕಿಳಿದು 16 ಆಗುವಾಗ ಅವಕೆಂಪು 8ಕ್ಕೆ ಇಳಿಯಿತೆನ್ನೋಣ. ಸೂತ್ರದ ಬೆಲೆ ಧನ 0.33! ಒಣಬಂಡೆ ನೀರಾಯಿತು. ಕೆಂಪುನೆಲದ ಲೆಕ್ಕದಲ್ಲಿ ಕಂಡ ಉಪಾಧಿಯೇ ಇಲ್ಲಿ ಇಲ್ಲದ ಸರೋವರವೊಂದನ್ನು ಸೃಷ್ಟಿಸಿದೆ.

ಇದನ್ನು ಪರಿಹರಿಸಲು ಮುಖ್ಯವಾಗಿ ನೆಲದ ಏರಿಳಿತದ ನಕ್ಷೆಯ ಸಹಾಯ ಪಡೆಯುತ್ತಾರೆ. ಸೂರ್ಯನ ದಿಕ್ಕೂ ಎತ್ತರವೂ ಗೊತ್ತಿರುವುದರಿಂದ ಯಾವ ಶಿಖರದ ನೆರಳು ಎಲ್ಲಿ ಬೀಳಬೇಕೆಂಬುದನ್ನು ಗಣಿಸಬಹುದು. ಬೇರೆ ಬೇರೆ ಋತುಗಳ ಚಿತ್ರಗಳನ್ನು ಹೋಲಿಸುವುದೂ ಉಂಟು. ನೆರಳು ಸೂರ್ಯನೊಂದಿಗೆ ಸರಿಯುತ್ತದೆ, ಸರೋವರ ಸರಿಯದು. ಆದರೆ ಕಡಿದಾದ ಕಣಿವೆಗಳಲ್ಲಿ ಏರಿಳಿತದ ನಕ್ಷೆಯೇ ತಪ್ಪಾಗಿರಬಹುದು. ಮಳೆಗಾಲದುದ್ದಕ್ಕೂ ಮೋಡ ಕವಿದು ಹೋಲಿಸಲು ಚಿತ್ರವೇ ದೊರೆಯದಿರಬಹುದು. ಮೋಡವನ್ನು ತೂರಿ ಕಾಣುವ ರೇಡಾರ್ ಉಪಗ್ರಹಗಳಿವೆ. ಕಡಿದಾದ ಬೆಟ್ಟಗಳಲ್ಲಿ ಅವುಗಳಿಗೂ ತಮ್ಮದೇ ಬಗೆಯ ನೆರಳುಂಟು. ಅಂಥಲ್ಲಿ ಒಂದೇ ಅಂಚು ಹಲವು ಬಣ್ಣಗಳನ್ನು ದಾಟುವೆಡೆಯ ಪರೀಕ್ಷೆ ನೆರವಿಗೆ ಬರಬಲ್ಲುದು. ಶಿಖರದ ನೆರಳಿನ ಅಂಚು ಬಂಡೆಯನ್ನೂ ಪಕ್ಕದ ಹಿಮವನ್ನೂ ಕೊರಕಲುಮಣ್ಣನ್ನೂ ದಾಟುತ್ತ ಹೋಗುತ್ತದೆ. ಮೂರರಲ್ಲಿಯೂ ಹಸುರು ಮತ್ತು ಅವಕೆಂಪುಗಳ ಅನುಪಾತ ಹೆಚ್ಚುಕಡಮೆ ಒಂದೇ ಆಗಿ ಬರಬೇಕು. ಸರೋವರದ ದಡದಲ್ಲಿ ಹಾಗೆ ಬರಲಾರದು. ಇಲ್ಲಿಯೂ ಒಂದು ಎಚ್ಚರ ಬೇಕು: ಬಿಸಿಲಿನ ಹಿಮ ಎಷ್ಟೋ ವೇಳೆ ಉಪಗ್ರಹದ ಅಳತೆಯ ಮೇಲಿನ ತುದಿಯನ್ನು ಮುಟ್ಟಿ ನಿಂತುಬಿಟ್ಟಿರುತ್ತದೆ. ಅಂಥ ಕಣಗಳಿಂದ ತೆಗೆದ ಅನುಪಾತ ಸುಳ್ಳು. ಅವುಗಳನ್ನು ಬಿಟ್ಟು ಬಂಡೆಮಣ್ಣುಗಳ ಅಂಚನ್ನೇ ಅಳೆಯಬೇಕು, ಅದೂ ಸಾಲದಾದರೆ ಸೂರ್ಯ ಮೇಲೇರುವ ತಿಂಗಳಿನ ಮೋಡವಿಲ್ಲದ ಚಿತ್ರಕ್ಕಾಗಿ ಕಾಯಬೇಕು.